ಲಿಡೋ: ಅಂಕಿತನಾಮ ರೂಢನಾಮವಾದ ಕಥೆ

ಬೆಂಗಳೂರಿನ ಟ್ರಿನಿಟಿ ಸರ್ಕಲ್ ಹತ್ತಿರ ಲಿಡೋ ಅಂತ ಒಂದು ಟಾಕೀಸಿತ್ತು, ಹಳಬರಿಗೆ ನೆನಪಿರಬಹುದು. ಈಗ ಅಲ್ಲಿ ಮಾಲ್ ಇದೆ. ನಮ್ಮ ಮುಂಬಯಿಯ ಜುಹೂ ತಾರಾ ರಸ್ತೆಯಲ್ಲೂ ಒಂದು ಲಿಡೋ ಥಿಯೇಟರ್ ಇತ್ತು. ದೊಡ್ಡ ಪ್ರವಾಸಿ ಹಡಗುಗಳಲ್ಲಿ ಈಜುಕೊಳ ಇರುವ ಅಂತಸ್ತಿಗೆ ಲಿಡೋ ಡೆಕ್ ಅನ್ನುತ್ತಾರೆ. ಇಂಗ್ಲೆಂಡಿನಲ್ಲಂತೂ ಲಿಡೋ ಅಂದರೆ ಬಯಲಿನಲ್ಲಿರುವ ಸಾರ್ವಜನಿಕ ಈಜುಕೊಳ. ಹಾಗಾದರೆ ಈ ಲಿಡೋ ಅನ್ನುವುದು ಎಲ್ಲಿಯದು?

ಅದು ಇಟಲಿಯ ವೆನಿಸ್ ನಗರದ ಎದುರಿಗಿರುವ ಒಂದು ದ್ವೀಪ. ಉದ್ದ ಸುಮಾರು 11 ಕಿಲೋಮೀಟರ್, ಅಗಲ ತೀರಾ ಕಡಿಮೆ. ಒಂದು ಕಡೆ ವೆನಿಸ್‌ನ ಹಿನ್ನೀರು, ಇನ್ನೊಂದು ಕಡೆ ಏಡ್ರಿಯಾಟಿಕ್ ಸಮುದ್ರ. ಲ್ಯಾಟಿನ್ನಿನಲ್ಲಿ ಕಡಲ ದಂಡೆಗೆ 'ಲಿಟುಸ್' ಅನ್ನುತ್ತಿದ್ದರು, ಅದು ಇಟಾಲಿಯನ್ನಿನಲ್ಲಿ 'ಲಿಡೋ' ಆಯಿತು. ಅಂದರೆ ಮೂಲದಲ್ಲಿ ಅದೊಂದು ಸಾಮಾನ್ಯ ಪದ. ವೆನಿಸ್‌ನವರ ಪಾಲಿಗೆ ದಂಡೆ ಅಂದರೆ ಆ ದ್ವೀಪವೇ ಆದ್ದರಿಂದ ಅದೇ ಹೆಸರು ನಿಂತಿತು.

1202ರಲ್ಲಿ ನಾಲ್ಕನೇ ಧರ್ಮಯುದ್ಧಕ್ಕೆ ಹೊರಟ ಸೈನಿಕರು ಹಡಗಿನ ಬಾಡಿಗೆ ಪೂರ್ತಿ ಕೊಡಲಾಗದೆ ಡೇರೆ ಹಾಕಿಕೊಂಡು ಕೂತಿದ್ದು ಇದೇ ದ್ವೀಪದಲ್ಲಿ. ಆರುನೂರು ವರ್ಷಗಳ ನಂತರ, 1818ರಲ್ಲಿ ಕವಿಗಳಾದ ಬೈರನ್ ಮತ್ತು ಶೆಲ್ಲಿ ಇಲ್ಲಿ ಕುದುರೆ ಸವಾರಿ ಮಾಡುತ್ತಿದ್ದಾಗಲೂ ಇದು ಬರೀ ಬಿಕೋ ಎನ್ನುವ ಮರಳು ದಂಡೆ.

ಅದೃಷ್ಟ ಬದಲಾಗಿದ್ದು 1857ರಲ್ಲಿ. ಆ ವರ್ಷ ಅಲ್ಲಿ ಸಮುದ್ರ ಸ್ನಾನದ ವ್ಯವಸ್ಥೆ ಶುರುವಾಯಿತು. 1900ರಲ್ಲಿ ಹೋಟೆಲ್ ದೆ ಬ್ಯಾಂ, 1908ರಲ್ಲಿ ಅರಮನೆಯಂಥ ಎಕ್ಸೆಲ್ಸಿಯರ್ ಹೋಟೆಲ್ ಬಂದವು. ಜರ್ಮನ್ ಲೇಖಕ ಥಾಮಸ್ ಮನ್ 1911ರಲ್ಲಿ ಹೋಟೆಲ್ ದೆ ಬ್ಯಾಂನಲ್ಲಿ ತಂಗಿದ್ದರು; ಮರುವರ್ಷ ಬಂದ ಅವರ 'ಡೆತ್ ಇನ್ ವೆನಿಸ್' ಕಥೆ ನಡೆಯುವುದು ಆ ದಂಡೆಯಲ್ಲೇ. 1932ರಲ್ಲಿ ಮೊದಲ ವೆನಿಸ್ ಚಲನಚಿತ್ರೋತ್ಸವ ನಡೆದದ್ದು ಎಕ್ಸೆಲ್ಸಿಯರ್‌ನ ಟೆರೇಸಿನ ಮೇಲೆ. ಒಟ್ಟಿನಲ್ಲಿ ಲಿಡೋ ಅಂದರೆ ಶ್ರೀಮಂತಿಕೆ, ಬಿಸಿಲು, ಶೋಕಿ.

ಈಗ ಲಂಡನ್ನಿಗೆ ಬರೋಣ. 1929ರಲ್ಲಿ ಬಂದ ಲೇಬರ್ ಸರಕಾರದಲ್ಲಿ ಜಾರ್ಜ್ ಲ್ಯಾನ್ಸ್‌ಬರಿ ಎಂಬ ಮಂತ್ರಿಯಿದ್ದರು. ಸಾಮಾನ್ಯ ಆಸಾಮಿಯಲ್ಲ! ಪೂರ್ವ ಲಂಡನ್ನಿನ ಪಾಪ್ಲರ್ ಎಂಬ ಬಡಬಡಾವಣೆಯ ಮುಖಂಡ. ಶ್ರೀಮಂತ ಬಡಾವಣೆಗೂ ಬಡ ಬಡಾವಣೆಗೂ ತೆರಿಗೆಯ ಹೊರೆ ಸಮನಾಗಿ ಹಂಚಿಲ್ಲ ಎಂದು ಹಟ ಹಿಡಿದು 1921ರಲ್ಲಿ ತಮ್ಮ ಜೊತೆಯ ಕೌನ್ಸಿಲರುಗಳೊಂದಿಗೆ ಜೈಲಿಗೆ ಹೋದವರು. ಸರಕಾರಿ ಉದ್ಯಾನಗಳ ಉಸ್ತುವಾರಿ ಕೈಗೆ ಬಂದಾಗ ಅವರು ಹೈಡ್ ಪಾರ್ಕಿನ ಸರ್ಪೆಂಟೈನ್ ಸರೋವರದ ದಡದಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಒಟ್ಟಿಗೆ ಈಜುವ ಜಾಗ ಮಾಡಿಸಿದರು. 1930ರ ಜೂನ್‌ನಲ್ಲಿ ಅದು ತೆರೆಯಿತು. ಮಡಿವಂತರು ಮೂಗು ಮುರಿದರು. ಅದಕ್ಕೆ ಬಿದ್ದ ಹೆಸರು: 'ಲ್ಯಾನ್ಸ್‌ಬರಿಯ ಲಿಡೋ'.

ಆ ಹೆಸರಿನ ಒಳಗಿನ ತಮಾಷೆ ನೋಡಿ. ವೆನಿಸ್‌ನ ಲಿಡೋಗೆ ಹೋಗುವುದು ರೈಲು, ಹೋಟೆಲಿಗೆ ಹಣ ಸುರಿಯಬಲ್ಲವರು. ಕೂಲಿಕಾರರ ಮಕ್ಕಳು ಕಾಲು ಇಳಿಬಿಟ್ಟುಕೊಂಡು ಕೂರುವ ಕೆರೆಗೂ ಅದೇ ಹೆಸರು! ಆದರೆ ತಮಾಷೆ ಬಹಳ ದಿನ ಉಳಿಯಲಿಲ್ಲ, ಹೆಸರೇ ಉಳಿಯಿತು. ಲಂಡನ್ ಕೌಂಟಿ ಕೌನ್ಸಿಲ್ ವಿಕ್ಟೋರಿಯಾ ಪಾರ್ಕ್ (1936), ಬ್ರಾಕ್‌ವೆಲ್ (1937), ಪಾರ್ಲಿಮೆಂಟ್ ಹಿಲ್ (1938) ಹೀಗೆ ಸಾಲಾಗಿ ಲಿಡೋಗಳನ್ನು ಕಟ್ಟಿಸಿತು. ಶಾಲೆಯಲ್ಲಿ ಕನ್ನಡ ಮೇಷ್ಟ್ರು ಹೇಳಿಕೊಟ್ಟದ್ದು ನೆನಪಿದೆಯಲ್ಲ? ಬೆಟ್ಟ, ನದಿ ರೂಢನಾಮ. ಹಿಮಾಲಯ, ಕಾವೇರಿ ಅಂಕಿತನಾಮ. ಇಟಲಿಯಲ್ಲಿ ರೂಢನಾಮವಾಗಿದ್ದದ್ದು ಒಂದು ದ್ವೀಪದ ಅಂಕಿತನಾಮವಾಗಿ, ಇಂಗ್ಲಿಷಿಗೆ ಬಂದು ಮತ್ತೆ ರೂಢನಾಮ ಆಯಿತು. ದೊಡ್ಡ ಎಲ್ ಅಕ್ಷರ ಹೋಗಿ ಸಣ್ಣ ಎಲ್ ಬಂತು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗಾವಣೆ. ಉಚ್ಚಾರಣೆ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ: ಕೆಲವರು ಲೀಡೋ ಅನ್ನುತ್ತಾರೆ, ಕೆಲವರು ಲೈಡೋ.

ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಅಗ್ಗದ ವಿಮಾನ ಬಂದಿತು. ಸಾಮಾನ್ಯ ಇಂಗ್ಲಿಷರೂ ಸ್ಪೇನ್, ಇಟಲಿಯ ನಿಜವಾದ ಕಡಲ ದಂಡೆಗೆ ಹೋಗತೊಡಗಿದರು. ಊರಿನ ತಣ್ಣೀರ ಲಿಡೋಗಳು ಖಾಲಿಯಾದವು, ಒಂದೊಂದಾಗಿ ಬಾಗಿಲು ಹಾಕಿದವು. ಬ್ರಾಕ್‌ವೆಲ್ ಕೂಡ 1990ರಲ್ಲಿ ಮುಚ್ಚಿತು. ಆದರೆ ಅದನ್ನು ಕಳೆದುಕೊಳ್ಳಲು ಸುತ್ತಮುತ್ತಲಿನ ಜನ ಒಪ್ಪಲಿಲ್ಲ. 1994ರಲ್ಲಿ ಮತ್ತೆ ತೆರೆಯಿತು. ಇತ್ತ ವೆನಿಸ್‌ನಲ್ಲಿ ಥಾಮಸ್ ಮನ್ ತಂಗಿದ್ದ ಆ ದೊಡ್ಡ ಹೋಟೆಲ್ 2010ರಲ್ಲಿ ಮುಚ್ಚಿತು. ಶ್ರೀಮಂತರ ಹೋಟೆಲಿಗೆ ಬೀಗ, ಬಡವರ ಕೊಳದಲ್ಲಿ ನೀರು!

ಇದೆಲ್ಲ ನಮಗೇಕೆ ಅಂತೀರಾ? ಮುಂಬಯಿಯಲ್ಲಿ 'ಉಡುಪಿ' ಅನ್ನುವ ಪದ ಏನಾಗಿದೆ ನೋಡಿ. ಇಲ್ಲಿಯ ಮರಾಠಿ, ಗುಜರಾತಿ ಜನಕ್ಕೆ ಉಡುಪಿ ಅಂದರೆ ಇಡ್ಲಿ ದೋಸೆ ಸಿಗುವ ಹೋಟೆಲು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳೂ ಹಾಗೆಯೇ ಅನ್ನುತ್ತಾರೆ. ಊರಿನ ಹೆಸರು ಊಟದ ಹೆಸರಾಯಿತಲ್ಲ ಎಂದು ಕೆಲವರಿಗೆ ಬೇಸರ. ನನಗೆ ಹಾಗನ್ನಿಸುವುದಿಲ್ಲ. ಕೈಯಲ್ಲಿ ನಾಲ್ಕು ಕಾಸಿರುವವನೂ ಹೊಟ್ಟೆ ತುಂಬಾ ತಿನ್ನಬಹುದಾದ ಜಾಗಕ್ಕೆ ನಮ್ಮ ಕಡೆಯ ಊರಿನ ಹೆಸರಿದೆ ಅನ್ನುವುದು ಸಣ್ಣ ಮಾತಲ್ಲ.

ಆದರೆ ಮುಂದಿನ ಸಲ ಮಕ್ಕಳನ್ನು ಅಂಥ ಹೋಟೆಲಿಗೆ ಕರೆದುಕೊಂಡು ಹೋದಾಗ, ದೋಸೆ ಬರುವಷ್ಟರಲ್ಲಿ ಒಂದು ಮಾತು ಹೇಳಿ: ಉಡುಪಿ ಅಂತ ಒಂದು ಊರಿದೆ, ಅಲ್ಲಿ ಕೃಷ್ಣನ ಗುಡಿ, ರಥಬೀದಿ ಇದೆ, ಹತ್ತಿರದಲ್ಲೇ ಮಲ್ಪೆಯ ಕಡಲಿದೆ ಅಂತ. ಹೆಸರು ಎಲ್ಲರದ್ದೂ ಆಗಲಿ, ಆದರೆ ಊರು ನಮಗೆ ಮರೆಯದಿರಲಿ.