ಉಸಿರಾಟವೇ ಶತ್ರುವಾದ ಸಂಜೆ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಒಂದ್ಸಲ ಆರಾಮಾಗಿ ಉಸಿರು ಎಳ್ಕೊಳ್ಳಿ. ಇವತ್ತಿನ ಕಥೆ ಆ ಉಸಿರಿನದ್ದೇ.

1915ರ ಏಪ್ರಿಲ್ 22ರ ಸಂಜೆ, ಬೆಲ್ಜಿಯಂನ ಈಪ್ರ್ ಪಟ್ಟಣದ ಹತ್ತಿರ ಜರ್ಮನ್ ಸೇನೆ ಐದು ಸಾವಿರಕ್ಕೂ ಹೆಚ್ಚು ಸಿಲಿಂಡರ್‌ಗಳನ್ನು ತೆರೆಯಿತು. ಒಳಗಿದ್ದದ್ದು ಕ್ಲೋರಿನ್. ಹಸಿರು-ಹಳದಿ ಮೋಡವೊಂದು ಗಾಳಿಯ ಜೊತೆ ಫ್ರೆಂಚ್ ಸೈನಿಕರ ಕಂದಕಗಳತ್ತ ಹೊರಟಿತು. ಇದರ ಹಿಂದಿದ್ದ ವಿಜ್ಞಾನಿ ಫ್ರಿಟ್ಜ್ ಹಾಬರ್. ಗೊಬ್ಬರಕ್ಕೆ ಬೇಕಾದ ಅಮೋನಿಯಾವನ್ನು ಗಾಳಿಯಲ್ಲಿರೋ ಸಾರಜನಕದಿಂದ ತಯಾರಿಸೋ ದಾರಿ ತೋರಿಸಿದ್ದೂ ಇದೇ ಮನುಷ್ಯ!

ಕಂದಕ ತೋಡೋದು ಗುಂಡಿನಿಂದ ತಪ್ಪಿಸಿಕೊಳ್ಳೋಕೆ. ಆದ್ರೆ ಕ್ಲೋರಿನ್ ಗಾಳಿಗಿಂತ ಭಾರ, ತಗ್ಗು ಹುಡುಕಿಕೊಂಡು ಇಳಿಯುತ್ತೆ. ಹಾಗಾಗಿ ಅಡಗಿದ ಜಾಗವೇ ಬೋನಾಯಿತು. ಹಿಂದಕ್ಕೆ ಓಡಿದವರು ಮೋಡದ ಜೊತೆಗೇ ಓಡಿದ ಹಾಗಾಯಿತು. ಶ್ವಾಸಕೋಶದ ತೇವ ಸೇರಿದ ಕ್ಲೋರಿನ್ ಆಮ್ಲವಾಗಿ ಒಳಗೆಲ್ಲ ಸುಡುತ್ತೆ, ಆಮೇಲೆ ಅಲ್ಲಿ ನೀರು ತುಂಬಿಕೊಳ್ಳುತ್ತೆ. ಒಣನೆಲದ ಮೇಲೆ ನಿಂತೇ ಮುಳುಗಿ ಸಾಯೋದು ಅಂದ್ರೆ ಇದು.

ನಾಲ್ಕೇ ದಿನಕ್ಕೆ, ಏಪ್ರಿಲ್ 26ರಂದು, ಭಾರತೀಯ ಸೈನಿಕರಿದ್ದ ಲಾಹೋರ್ ಡಿವಿಷನ್ ಅದೇ ಈಪ್ರ್‌ನಲ್ಲಿ ಗ್ಯಾಸಿಗೆ ಎದುರಾಯಿತು. ಸರಿಯಾದ ಮಾಸ್ಕ್ ಇರಲಿಲ್ಲ. ಜಮಾದಾರ್ ಮೀರ್ ದಸ್ತ್ ಅವರಿಗೂ ವಿಷ ತಾಗಿತ್ತು. ಆದರೂ, ಅಧಿಕಾರಿಗಳು ಬಿದ್ದ ಮೇಲೆ, ಚದುರಿದವರನ್ನು ಒಟ್ಟುಗೂಡಿಸಿ ನಿಂತರು. ಗಾಯಗೊಂಡ ಎಂಟು ಅಧಿಕಾರಿಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಲು ನೆರವಾದರು. ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಗ್ಯಾಸಿನ ಬಾಧೆ ಮಾತ್ರ ಆಸ್ಪತ್ರೆಯಲ್ಲೂ ಬಿಡಲಿಲ್ಲ.

1917ರಲ್ಲಿ ಮಸ್ಟರ್ಡ್ ಗ್ಯಾಸ್ ಬಂತು. ತಾಗಿದ ಕೂಡಲೇ ಏನೂ ಗೊತ್ತಾಗಲ್ಲ. ಕೆಲವು ಗಂಟೆ ಕಳೆದ ಮೇಲೆ ಮೈಯೆಲ್ಲ ಬೊಬ್ಬೆ, ಕಣ್ಣು ಬಿಡೋಕಾಗಲ್ಲ. ಬಟ್ಟೆ ದಾಟಿ ಚರ್ಮ ಸುಡೋದರಿಂದ ಮಾಸ್ಕ್ ಒಂದೇ ಸಾಲದು.

ನಾನು ಬಿಕಾಂ ಓದಿದವನು, ಲೆಕ್ಕ ನೋಡೋದು ಅಭ್ಯಾಸ. ಆ ಯುದ್ಧದಲ್ಲಿ ಗ್ಯಾಸಿನಿಂದ ಸತ್ತವರು ಸುಮಾರು 90 ಸಾವಿರ ಅಂತಾರೆ. ಫಿರಂಗಿ ಕೊಂದವರ ಮುಂದೆ ಇದು ಸಣ್ಣ ಸಂಖ್ಯೆ. ಮೊದಲು ನಾನೂ ಹಾಗೇ ಅಂದುಕೊಂಡು ಪುಟ ತಿರುಗಿಸಿದ್ದೆ. ಆದರೆ ಗ್ಯಾಸ್ ತಾಗಿ ಬದುಕಿದವರು ಹತ್ತು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎಷ್ಟೋ ಜನ ಊರಿಗೆ ಹೋದ ಮೇಲೂ ಕೆಮ್ಮುತ್ತಲೇ ಬದುಕಿದರು. ಆ ಕೆಮ್ಮು ಯಾವ ಕಾಲಂನಲ್ಲೂ ಇಲ್ಲ.

1925ರ ಜಿನೀವಾ ಒಪ್ಪಂದ ಬಳಕೆಯನ್ನು ನಿಷೇಧಿಸಿತು, ತಯಾರಿಕೆಯನ್ನಲ್ಲ. 1980ರ ದಶಕದಲ್ಲಿ ಇರಾಕ್ ಇದನ್ನೇ ಇರಾನಿನ ಸೈನಿಕರ ಮೇಲೆ ಹಾಕಿತು. ತಯಾರಿಕೆ, ದಾಸ್ತಾನು ಎರಡನ್ನೂ ನಿಷೇಧಿಸೋ ಒಪ್ಪಂದ ಜಾರಿಯಾಗೋಕೆ 1997 ಬರಬೇಕಾಯಿತು.

ಮುಂದಿನ ಸಲ ಯುದ್ಧದ ಸುದ್ದಿಯಲ್ಲಿ ಸತ್ತವರ ಸಂಖ್ಯೆ ಕಂಡರೆ, ಬದುಕಿ ಉಳಿದವರನ್ನೂ ಕೇಳಿ. ಸಿಗೋಣ.