ವ್ಯಾಕರಣಕ್ಕೆ ರುಚಿ ತಂದವರು

ಇಂಗ್ಲಿಷ್ ವ್ಯಾಕರಣವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಕರಿಹಲಗೆ, ಬೆತ್ತ, ಮತ್ತು ಅರ್ಥವಾಗದಿದ್ದರೂ ಬಾಯಿಗೆ ಬರಲೇಬೇಕಾಗಿದ್ದ ನಿಯಮಗಳು. ಭಾಷೆ ಪರಕೀಯ, ಅದರ ಜಾಡೂ ಬೇರೆ. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬಂದು ಕೂರುತ್ತದೆ; ಇಂಗ್ಲಿಷಿನಲ್ಲಿ ಕರ್ತೃಪದದ ಬೆನ್ನಿಗೇ ಬರುತ್ತದೆ. ‘ಎ’, ‘ದಿ’ ಎಂಬ ಪುಟ್ಟ ಪದಗಳಿಗೆ ನಮ್ಮಲ್ಲಿ ಸರಿಸಾಟಿಯಾದುವೇ ಇಲ್ಲ. ಇಂಥ ಭಾಷೆಯ ವ್ಯಾಕರಣ ನಮಗೆ ಕಷ್ಟವಾದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದನ್ನು ತೊಟ್ಟಿಲಿನಲ್ಲೇ ಕೇಳಿ ಬೆಳೆದ ಇಂಗ್ಲೆಂಡಿನ ಮಕ್ಕಳಿಗೂ ವ್ಯಾಕರಣ ಕಬ್ಬಿಣದ ಕಡಲೆಯೇ ಆಗಿತ್ತು. ಅದನ್ನು ಹದ ಮಾಡಲು ಅಲ್ಲಿಯವರು ಇನ್ನೂರು ವರ್ಷಗಳಿಗೂ ಹಿಂದೆಯೇ ಉಪಾಯಗಳನ್ನು ಹೂಡಿದರು. ಆ ಉಪಾಯಗಳ ಕಥೆ ಸ್ವಾರಸ್ಯವಾದುದು. ಅದರ ಒಂದು ಅಧ್ಯಾಯ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು.

ಕಷ್ಟದ ಮೂಲವಿರುವುದು ಲ್ಯಾಟಿನ್ ಭಾಷೆಯಲ್ಲಿ. 1586ರಲ್ಲಿ ವಿಲಿಯಂ ಬುಲೊಕರ್ ಇಂಗ್ಲಿಷಿಗೆ ಮೊತ್ತಮೊದಲ ವ್ಯಾಕರಣವನ್ನು ಬರೆದಾಗ ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿಯೇ ಅದನ್ನು ಎರಕ ಹೊಯ್ದನು. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿಯ ಪುಸ್ತಕ ಬಂದಿತು. 1795ರಲ್ಲಿ ಬಂದ ಲಿಂಡ್ಲೆ ಮರೆಯ ವ್ಯಾಕರಣವಂತೂ ಇಂಗ್ಲೆಂಡು ಅಮೆರಿಕಗಳೆರಡರಲ್ಲೂ ಮನೆಮಾತಾಯಿತು. ಮರೆ ಅದನ್ನು ಬರೆದದ್ದು ಯಾರ್ಕ್ ನಗರದ ಒಂದು ಹೆಣ್ಣುಮಕ್ಕಳ ಶಾಲೆಗಾಗಿ. ಅವನ ಉದ್ದೇಶ ಒಳ್ಳೆಯದೇ. ಆದರೆ ಪುಸ್ತಕ ಮಾತ್ರ ನಿಯಮ, ಉಪನಿಯಮ, ಅಪವಾದಗಳ ಸರಮಾಲೆ. ಮಕ್ಕಳು ಕಂಠಪಾಠ ಮಾಡಿದರು; ಅರ್ಥ ಮುಂದೊಂದು ದಿನ ಆದೀತೆಂದು ಹಿರಿಯರು ನಂಬಿದರು.

ಈ ನಂಬಿಕೆಗೆ ಒಪ್ಪದ ಹೆಂಗಸೊಬ್ಬಳಿದ್ದಳು. ನಾರ್ಫಕ್ ಪ್ರಾಂತದ ಡೆರಮ್ ಊರಿನ ಎಲೆನಾರ್ ಫೆನ್ ಎಂಬ ಈಕೆಗೆ ಸ್ವಂತ ಮಕ್ಕಳಿರಲಿಲ್ಲ. ಬಂಧುಗಳ ಮಕ್ಕಳಿಗಾಗಿ ಬರೆಯತೊಡಗಿದಳು. ತನ್ನ ಹೆಸರನ್ನು ಮರೆಮಾಡಿ ‘ಮಿಸೆಸ್ ಟೀಚ್‌ವೆಲ್’, ‘ಮಿಸೆಸ್ ಲವ್‌ಚೈಲ್ಡ್’ ಎಂಬ ಹೆಸರುಗಳನ್ನಿಟ್ಟುಕೊಂಡಳು. ಆಟದ ಮೂಲಕ ಪಾಠ ಹೇಳುವ ಕಲೆಯನ್ನು ಕುರಿತ ಅವಳ ಪುಟ್ಟ ಪುಸ್ತಕ 1785ರಲ್ಲಿ ಹೊರಬಿತ್ತು. ಅದರ ಜೊತೆಗೆ ಪೆಟ್ಟಿಗೆಗಳೂ ಬಂದವು: ಅಕ್ಷರಕ್ಕೊಂದು, ಅಂಕಿಗೊಂದು, ವ್ಯಾಕರಣಕ್ಕೊಂದು. ಮಗುವಿನ ಪಾಲಿಗೆ ಅವು ಆಟಿಗೆಗಳು. ತಾಯಿಯ ಪಾಲಿಗೆ ಪಾಠದ ಸಾಧನಗಳು. ಮುಂದೆ ಅವಳು ತಾಯಂದಿರಿಗೆಂದೇ ಒಂದು ವ್ಯಾಕರಣವನ್ನು ಬರೆದಳು. ಲ್ಯಾಟಿನ್ ತಿಳಿದ ಪಂಡಿತನ ಹಂಗಿಲ್ಲದೆ ಮನೆಯ ಹೆಂಗಸೇ ವ್ಯಾಕರಣ ಹೇಳಿಕೊಡಬಹುದೆಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಅವಳು ತೋರಿಸಿದ ದಾರಿಯಲ್ಲಿ ಇನ್ನೂ ಹಲವರು ನಡೆದರು. 1822ರಲ್ಲಿ ಲಂಡನ್ನಿನ ಜಾನ್ ಹ್ಯಾರಿಸ್ ಬಣ್ಣದ ಚಿತ್ರಗಳ ಪುಸ್ತಕವೊಂದನ್ನು ಪ್ರಕಟಿಸಿದನು. ಅದರಲ್ಲಿ ನಾಮಪದ, ಸರ್ವನಾಮ, ಕ್ರಿಯಾಪದಗಳೆಲ್ಲ ವನಭೋಜನಕ್ಕೆ ಹೊರಟ ಅತಿಥಿಗಳು! 1840ರಲ್ಲಿ ಪರ್ಸಿವಲ್ ಲೀ ಎಂಬಾತ ನಗೆವ್ಯಾಕರಣವನ್ನೇ ಬರೆದನು. ಜಾನ್ ಲೀಚ್ ಅದಕ್ಕೆ ವಿನೋದಚಿತ್ರಗಳನ್ನು ಬಿಡಿಸಿದನು. ನಮ್ಮ ಕೇಶಿರಾಜನೂ ಹದಿಮೂರನೆಯ ಶತಮಾನದಲ್ಲಿ ಕನ್ನಡದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಹೆಣೆದನಷ್ಟೆ. ಒಣ ನಿಯಮಕ್ಕೆ ಲಯವೋ ನಗೆಯೋ ಬಣ್ಣವೋ ಜೊತೆಯಾದರೆ ನೆನಪು ಅದನ್ನು ಬೇಗ ಹಿಡಿಯುತ್ತದೆಂಬುದು ಎಲ್ಲ ನಾಡಿನವರೂ ಕಂಡುಕೊಂಡ ಸತ್ಯ.

ಆದರೆ ರುಚಿಯೆಂಬುದು ಆಟದಿಂದ ಮಾತ್ರ ಬರುವಂಥದೆ? ಇದಕ್ಕೆ ಉತ್ತರ ವಿಲಿಯಂ ಕಾಬೆಟ್ಟನ ಬಾಳಿನಲ್ಲಿದೆ.

ಕಾಬೆಟ್ ಹುಟ್ಟಿದ್ದು 1763ರಲ್ಲಿ. ಸಣ್ಣ ರೈತನ ಮಗ, ಹೊಲದಲ್ಲಿ ದುಡಿದು ಬೆಳೆದವನು. 1784ರಲ್ಲಿ ದಿನಕ್ಕೆ ಆರು ಪೆನ್ಸಿನ ಸಂಬಳಕ್ಕೆ ಸೈನ್ಯ ಸೇರಿದನು. ಅಲ್ಲಿ ಲೌತನ ವ್ಯಾಕರಣ ಅವನ ಕೈಗೆ ಸಿಕ್ಕಿತು. ಅದನ್ನು ಪೂರ್ತಿಯಾಗಿ ಒಂದಕ್ಕಿಂತ ಹೆಚ್ಚು ಸಲ ನಕಲು ಮಾಡಿದನು, ಬಾಯಿಪಾಠ ಮಾಡಿದನು, ಕಾವಲಿಗೆ ನಿಂತಾಗಲೆಲ್ಲ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿಕೊಂಡನು. ಮಲಗುವ ಮಂಚದ ಅಂಚೇ ಅವನ ಆಸನ, ತೊಡೆಯ ಮೇಲಿನ ಹಲಗೆಯ ತುಂಡೇ ಮೇಜು. ಲೇಖನಿ ಕಾಗದ ಬೇಕಾದರೆ ಊಟದಲ್ಲಿ ಉಳಿಸಬೇಕು. ಮುಂದೆ ಅವನು ಪತ್ರಿಕೋದ್ಯಮಿಯಾಗಿ ಸರ್ಕಾರವನ್ನು ಟೀಕಿಸಿದನು. ಸೈನಿಕರಿಗೆ ಚಾವಟಿ ಏಟು ಹೊಡೆಸಿದುದನ್ನು ಖಂಡಿಸಿ 1810ರಲ್ಲಿ ಸೆರೆಮನೆಗೂ ಹೋದನು. 1817ರಲ್ಲಿ ಮತ್ತೆ ಬಂಧನದ ಭಯ ಬಂದಾಗ ಅಮೆರಿಕಕ್ಕೆ ಹೊರಟುಹೋದನು.

ಅಲ್ಲಿ, ಲಾಂಗ್ ಐಲೆಂಡಿನ ಒಂದು ಹೊಲಮನೆಯಲ್ಲಿ ಕುಳಿತು, ತನ್ನ ಹದಿನಾಲ್ಕು ವರ್ಷದ ಮಗ ಜೇಮ್ಸನಿಗೆ ಪತ್ರಗಳ ರೂಪದಲ್ಲಿ ಅವನು ಒಂದು ವ್ಯಾಕರಣವನ್ನು ಬರೆದನು. 1818ರಲ್ಲಿ ಅದು ಅಚ್ಚಾಯಿತು. ಸೈನಿಕರು, ನಾವಿಕರು, ಕಸುಬು ಕಲಿಯುವ ಹುಡುಗರು, ನೇಗಿಲು ಹಿಡಿದವರು ಇವರೇ ತನ್ನ ಓದುಗರೆಂದು ಮುಖಪುಟದಲ್ಲಿಯೇ ಸಾರಿದನು. ಸಮೂಹವಾಚಕ ನಾಮಪದಗಳಿಗೆ ಉದಾಹರಣೆ ಕೊಡುವಾಗ ಪಾರ್ಲಿಮೆಂಟನ್ನೂ ಕಳ್ಳರ ಗುಹೆಯನ್ನೂ ಒಂದೇ ಸಾಲಿನಲ್ಲಿ ಕೂರಿಸಿದನು! ಮುಂದಿನ ಮುದ್ರಣವೊಂದರಲ್ಲಿ ರಾಜನ ಭಾಷಣ, ಮಂತ್ರಿಗಳ ಬರಹ ಮುಂತಾದುವುಗಳಲ್ಲಿನ ತಪ್ಪುಗಳನ್ನೇ ಹೆಕ್ಕಿ ಪಾಠಗಳನ್ನಾಗಿ ಮಾಡಿದನು. ದೊರೆಯ ವಾಕ್ಯವನ್ನು ರೈತನ ಮಗ ತಿದ್ದುವುದೆಂದರೆ ಯಾವ ಹುಡುಗನಿಗೆ ಹುರುಪು ಬಾರದು? ಕಾಬೆಟ್ಟನ ದೃಷ್ಟಿಯಲ್ಲಿ ವ್ಯಾಕರಣವು ಬಡವನ ಕೈಯ ಆಯುಧ. ಅದು ತಿಳಿಯದವನ ಅಹವಾಲಿಗೆ ಬೆಲೆಯಿಲ್ಲ. ತಿಳಿದವನನ್ನು ಯಾರೂ ಗದರಿಸಿ ಕೂರಿಸಲಾರರು. ಆ ನೇಗಿಲ ಹುಡುಗ 1832ರಲ್ಲಿ ಅದೇ ಪಾರ್ಲಿಮೆಂಟಿಗೆ ಸದಸ್ಯನಾಗಿ ಆರಿಸಿಬಂದನು.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆ ಬದಲಾಯಿತು. ಇಂಗ್ಲಿಷ್ ಮಾತೃಭಾಷೆಯಲ್ಲದ ಕೋಟ್ಯಂತರ ಮಕ್ಕಳು ಅದನ್ನು ಕಲಿಯಬೇಕಾಗಿ ಬಂದಿತು. 1922ರಲ್ಲಿ ಜಪಾನಿಗೆ ಹೋದ ಹೆರಾಲ್ಡ್ ಪಾಮರ್ ನಿಯಮಗಳನ್ನು ಹಿಂದಕ್ಕೆ ಸರಿಸಿ, ವಾಕ್ಯದ ಮಾದರಿಯನ್ನು ಮುಂದಕ್ಕೆ ತಂದನು. ಒಂದು ಕೋಷ್ಟಕ, ಅದರಲ್ಲಿ ಮೂರು ಅಂಕಣ, ಅಂಕಣಕ್ಕೆ ನಾಲ್ಕು ಪದ. ಯಾವುದನ್ನು ಯಾವುದಕ್ಕೆ ಕೂಡಿಸಿದರೂ ಸರಿಯಾದ ವಾಕ್ಯ. ಹನ್ನೆರಡು ಪದಗಳಿಂದ 64 ವಾಕ್ಯಗಳು! ‘ಬಾಗಿಲು ತೆರೆ’, ‘ಪುಸ್ತಕ ಎತ್ತು’ ಎಂದು ಆಜ್ಞೆ ಕೊಟ್ಟು ಮಾಡಿಸುವ ಕ್ರಮವನ್ನೂ ಅವನು 1925ರಲ್ಲಿ ಪುಸ್ತಕರೂಪಕ್ಕೆ ತಂದನು. ನಮ್ಮ ದೇಶದ ಶಾಲೆಗಳಿಗೂ 1950ರ ದಶಕದಿಂದ ಈ ಬಗೆಯ ವಾಕ್ಯರಚನೆಯ ಅಭ್ಯಾಸ ಕಾಲಿಟ್ಟಿತು. ಉಪಾಧ್ಯಾಯರನ್ನು ಸಿದ್ಧಪಡಿಸಲು ಬೆಂಗಳೂರಿನಲ್ಲಿ 1963ರಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು.

ಆದರೂ ಒಂದು ಕೊರತೆ ಉಳಿಯಿತು. ತರಗತಿಯಲ್ಲಿ ಗಿಣಿಯಂತೆ ಸರಿಯಾಗಿ ನುಡಿದ ಮಗು ಹೊರಗೆ ಬಂದರೆ ತಬ್ಬಿಬ್ಬಾಗುತ್ತಿತ್ತು. ಇದನ್ನು ಕಂಡ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಹೊಸದೊಂದು ಪ್ರಯೋಗ ನಡೆಸಿದರು. ಜಗತ್ತಿನ ಭಾಷಾಬೋಧಕರು ಇಂದಿಗೂ ಅದನ್ನು ‘ಬೆಂಗಳೂರು ಪ್ರಯೋಗ’ ಎಂದೇ ಕರೆಯುತ್ತಾರೆ. ಅಲ್ಲಿ ವ್ಯಾಕರಣದ ಪಾಠವೇ ಇರಲಿಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಇಡುವುದು; ಯಾವ ಗಾಡಿ ಹಿಡಿದರೆ ಹೊತ್ತಿಗೆ ಮುಂಚೆ ತಲಪಬಹುದೆಂದು ಇಂಗ್ಲಿಷಿನಲ್ಲೇ ಲೆಕ್ಕಹಾಕಿಸುವುದು. ಮನಸ್ಸು ಅರ್ಥದ ಮೇಲೆ ನೆಟ್ಟಾಗ ರಚನೆ ತಾನಾಗಿ ಒಳಗಿಳಿಯುತ್ತದೆಂಬುದು ಅವರ ನಂಬಿಕೆ. ಪ್ರಯೋಗದ ಕೊನೆಗೆ ಬೇರೆಯವರು ಪರೀಕ್ಷೆ ನಡೆಸಿದಾಗ ಫಲ ಮಿಶ್ರವಾಗಿತ್ತು: ರಚನೆಯನ್ನೇ ಕೇಳುವ ಪ್ರಶ್ನೆಗಳಲ್ಲಿ ಹಳೆಯ ಕ್ರಮದ ಮಕ್ಕಳು ಹೆಚ್ಚಾಗಿ ಮುಂದಿದ್ದರು, ಅರ್ಥಗ್ರಹಣದಲ್ಲಿ, ಸಂದರ್ಭವರಿತು ವ್ಯಾಕರಣ ಬಳಸುವುದರಲ್ಲಿ ಹೊಸ ಕ್ರಮದವರು ಮುಂದಿದ್ದರು.

ವಾಚಕರು ಗಮನಿಸಬೇಕಾದ ಮಾತು ಒಂದಿದೆ. ಫೆನ್ನಳ ಪೆಟ್ಟಿಗೆ, ಕಾಬೆಟ್ಟನ ಪತ್ರ, ಪಾಮರನ ಕೋಷ್ಟಕ, ಪ್ರಭು ಅವರ ವೇಳಾಪಟ್ಟಿ ಇವು ಒಂದನ್ನೊಂದು ಹೋಲುವುದಿಲ್ಲ. ಆದರೆ ಕಲಿಯುವವನಿಗೆ ‘ಇದು ನನ್ನ ಕೈಯಲ್ಲಾಗುತ್ತದೆ, ನನಗೆ ಬೇಕಾಗಿದೆ’ ಎಂಬ ಧೈರ್ಯ ಕೊಡುವುದರಲ್ಲಿ ನಾಲ್ಕೂ ಒಂದೇ. ಇಂಗ್ಲಿಷ್ ಬಾರದೆಂಬ ಒಂದೇ ಕಾರಣಕ್ಕೆ ತಾವು ದಡ್ಡರೆಂದು ನಂಬಿ ಶಾಲೆ ಬಿಟ್ಟ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಕಡಮೆಯಿಲ್ಲ. ನಿಮ್ಮ ಮನೆಯ ಮಗು ವ್ಯಾಕರಣದ ಪುಸ್ತಕ ಹಿಡಿದು ಮಂಕಾಗಿ ಕುಳಿತಿದ್ದರೆ, ನಿಯಮವನ್ನು ಮತ್ತೊಮ್ಮೆ ಹೇಳಿಸುವ ಮೊದಲು ಒಂದು ರೈಲಿನ ವೇಳಾಪಟ್ಟಿಯನ್ನು ಅದರ ಮುಂದಿಟ್ಟು, ಮೈಸೂರಿಗೆ ಹೋಗುವ ಮೊದಲ ಗಾಡಿ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿ ನೋಡಿ. ಉತ್ತರ ತಪ್ಪಾದರೂ ಚಿಂತೆಯಿಲ್ಲ. ಅದನ್ನು ತಿದ್ದುವ ಹೊತ್ತಿಗೆ ನಿಯಮಕ್ಕೂ ಅರ್ಥ ಬಂದಿರುತ್ತದೆ.