ಆಗಸ್ಟ್ 15 ಯಾರು ಆರಿಸಿದ ದಿನ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಸ್ವಾತಂತ್ರ್ಯ ಚಳವಳಿ ನನ್ನ ಸಂಶೋಧನೆಯ ವಿಷಯ. ಅದರ ಬಗ್ಗೆ ವಿದ್ಯಾರ್ಥಿಗಳ ಜೊತೆ ಮಾತಿಗೆ ಕುಳಿತಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ. ಆಗಸ್ಟ್ 15 ಒಬ್ಬ ಬ್ರಿಟಿಷ್ ವೈಸರಾಯ್ ತನಗೆ ಬೇಕಾದಂತೆ ಆರಿಸಿದ ದಿನವಂತೆ, ಹೌದೇ? ಹೌದಾದರೆ ನಮ್ಮ ಸ್ವಾತಂತ್ರ್ಯವನ್ನು ಅವನ ದಿನಾಂಕದಲ್ಲಿ ಏಕೆ ಆಚರಿಸಬೇಕು? ನಮ್ಮದೇ ಆದ ಒಂದು ದಿನಕ್ಕೆ ಅದನ್ನು ಬದಲಿಸಬಾರದೇಕೆ?

ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅದರ ಮೊದಲ ಅರ್ಧ ಚರಿತ್ರೆಗೆ ಸರಿಯಾಗಿಯೇ ಇದೆ.

1947ರ ಫೆಬ್ರುವರಿ 20ರಂದು ಬ್ರಿಟಿಷ್ ಪ್ರಧಾನಿ ಆಟ್ಲಿ, 1948ರ ಜೂನ್ ಒಳಗೆ ಭಾರತದ ಅಧಿಕಾರವನ್ನು ಭಾರತೀಯರಿಗೆ ಬಿಟ್ಟುಕೊಡುವುದಾಗಿ ಘೋಷಿಸಿದರು. ವೈಸರಾಯ್ ಆಗಿ ಬಂದ ಮೌಂಟ್‌ಬ್ಯಾಟನ್ ಆ ಗಡುವನ್ನು ಹತ್ತು ತಿಂಗಳಷ್ಟು ಹಿಂದಕ್ಕೆ ತಂದರು. ಜೂನ್ 4ರ ಪತ್ರಿಕಾಗೋಷ್ಠಿಯಲ್ಲಿ ಆಗಸ್ಟ್ 15ರ ಮಾತು ಹೊರಬಿತ್ತು. ಜುಲೈ 18ರಂದು ಒಪ್ಪಿಗೆ ಪಡೆದ ಭಾರತ ಸ್ವಾತಂತ್ರ್ಯ ಕಾಯ್ದೆಯಲ್ಲಿ ಅದೇ ದಿನಾಂಕ ಅಚ್ಚಾಯಿತು. ಆ ದಿನವೇ ಏಕೆ? ಮಹಾಯುದ್ಧದ ಕಾಲದಲ್ಲಿ ಮೌಂಟ್‌ಬ್ಯಾಟನ್ ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮಹಾದಂಡನಾಯಕರಾಗಿದ್ದರು. ಜಪಾನ್ ಶರಣಾದದ್ದು 1945ರ ಆಗಸ್ಟ್ 15ರಂದು. ಅದರ ಎರಡನೆಯ ವರ್ಷದ ದಿನವೆಂದು ಅದನ್ನು ಆರಿಸಿದೆ ಎಂದು ಅವರೇ ಮುಂದೆ ಲ್ಯಾರಿ ಕಾಲಿನ್ಸ್ ಮತ್ತು ಡೊಮಿನಿಕ್ ಲ್ಯಾಪಿಯೆರ್ ಎಂಬ ಲೇಖಕರಿಗೆ ಹೇಳಿಕೊಂಡರು. ಅಂದರೆ ದಿನಾಂಕದ ಬೇರು ಇರುವುದು ನಮ್ಮ ಹೋರಾಟದಲ್ಲಲ್ಲ, ಅವರ ಯುದ್ಧದ ನೆನಪಿನಲ್ಲಿ.

ಹಾಗಾದರೆ ನಾವೇ ಆರಿಸಿಕೊಂಡ ದಿನ ಯಾವುದಾದರೂ ಇತ್ತೇ? ಇತ್ತು. 1929ರ ಡಿಸೆಂಬರ್ ಕೊನೆಯಲ್ಲಿ ಲಾಹೋರಿನ ಕಾಂಗ್ರೆಸ್ ಅಧಿವೇಶನ ಪೂರ್ಣ ಸ್ವರಾಜ್ಯದ ಗೊತ್ತುವಳಿ ಮಾಡಿತು. ಮುಂದಿನ ತಿಂಗಳೇ ದೇಶವೆಲ್ಲ ಸ್ವಾತಂತ್ರ್ಯದ ಪ್ರತಿಜ್ಞೆ ತೆಗೆದುಕೊಳ್ಳಬೇಕೆಂದು ತೀರ್ಮಾನವಾಯಿತು. ಅದಕ್ಕೆ ಗೊತ್ತುಮಾಡಿದ್ದು ಜನವರಿಯ ಕೊನೆಯ ಭಾನುವಾರ. ಆ ವರ್ಷ ಅದು 26ನೇ ತಾರೀಖಿಗೆ ಬಿದ್ದಿತ್ತು. ಅಲ್ಲಿಂದ 1947ರವರೆಗೆ ಚಳವಳಿಯ ಜನಕ್ಕೆ ಸ್ವಾತಂತ್ರ್ಯ ದಿನವೆಂದರೆ ಜನವರಿ 26. ಅವತ್ತು ಬಾವುಟ ಹಾರಿಸಿ ಲಾಠಿ ತಿಂದವರು, ಜೈಲು ಸೇರಿದವರು ದೇಶದ ತುಂಬ ಇದ್ದರು.

ಆಗಸ್ಟ್ 15 ಬಂದ ಮೇಲೆ ಆ ಹಳೆಯ ದಿನ ಅನಾಥವಾಗಬಹುದಿತ್ತು. ಸಂವಿಧಾನ ರಚನಾ ಸಭೆ ಹಾಗಾಗಲು ಬಿಡಲಿಲ್ಲ. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ರಂದು. ಕೆಲವು ವಿಧಿಗಳು ಅಂದೇ ಜಾರಿಗೆ ಬಂದರೂ ಉಳಿದದ್ದೆಲ್ಲ ಎರಡು ತಿಂಗಳು ಕಾದು 1950ರ ಜನವರಿ 26ರಂದು ಜಾರಿಗೆ ಬಂದಿತು. ಹಳೆಯ ಸ್ವಾತಂತ್ರ್ಯ ದಿನ ಹೀಗೆ ಗಣರಾಜ್ಯ ದಿನವಾಗಿ ಉಳಿಯಿತು. ರಾಷ್ಟ್ರೀಯ ದಿನವೊಂದರ ದಿನಾಂಕ ಬದಲಿಸುವ ಕೆಲಸವನ್ನು ಈ ದೇಶ ಒಮ್ಮೆ ಮಾಡಿದೆ, ಹಳೆಯದನ್ನು ಕಳೆದುಕೊಳ್ಳದೆ ಮಾಡಿದೆ ಎಂಬುದನ್ನು ಈ ಚರ್ಚೆಯಲ್ಲಿ ನಾವು ಮರೆಯುತ್ತೇವೆ.

ಬೇರೆ ದೇಶಗಳಲ್ಲೂ ಇಂಥದ್ದಿದೆ. ಅದೇ ಕಾಯ್ದೆಯಿಂದ ಹುಟ್ಟಿದ ಪಾಕಿಸ್ತಾನದ ಮೊದಲ ಸ್ಮಾರಕ ಅಂಚೆಚೀಟಿಗಳ ಮೇಲೆ 15 ಆಗಸ್ಟ್ 1947 ಎಂದೇ ಇತ್ತು. ಆಚರಣೆ ಮಾತ್ರ 14ಕ್ಕೆ ಸರಿಯಿತು. ನಮ್ಮ ಗಣರಾಜ್ಯ ದಿನದಂದೇ ಆಸ್ಟ್ರೇಲಿಯಾದ ರಾಷ್ಟ್ರೀಯ ದಿನವೂ ಬರುತ್ತದೆ. 1788ರ ಜನವರಿ 26ರಂದು ಬ್ರಿಟಿಷ್ ಹಡಗುಗಳು ಸಿಡ್ನಿಯಲ್ಲಿ ನೆಲೆಯೂರಿದ ನೆನಪು ಅದು. ಅಲ್ಲಿನ ಮೂಲನಿವಾಸಿಗಳು 1938ರಲ್ಲಿಯೇ ಅದನ್ನು ಶೋಕದ ದಿನವೆಂದು ಕರೆದರು. ದಿನಾಂಕ ಬದಲಿಸಿ ಎಂಬ ಒತ್ತಾಯ ಅಲ್ಲಿ ಇಂದಿಗೂ ನಿಂತಿಲ್ಲ. ಅವರ ವಾದಕ್ಕೆ ಬಲವಿದೆ, ಏಕೆಂದರೆ ಆ ದಿನ ಅವರ ನೆಲ ಹೋಯಿತು. ಆಗಸ್ಟ್ 15ರಂದು ನಮ್ಮಿಂದ ಯಾರೂ ನೆಲ ಕಸಿದುಕೊಳ್ಳಲಿಲ್ಲ. ನಮ್ಮ ತಕರಾರು ಇರುವುದು ದಿನವನ್ನು ಯಾರು ಆರಿಸಿದರು ಎಂಬುದರ ಬಗ್ಗೆ ಮಾತ್ರ.

ಈ ತಕರಾರನ್ನು ನಾನು ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ ನಿಂತು ನೋಡಲು ಇಷ್ಟಪಡುತ್ತೇನೆ. ಮೈಲಾರ ಮಹಾದೇವಪ್ಪ 1911ರಲ್ಲಿ ಹುಟ್ಟಿದ ಊರು ಅದು. ಮೊದಲ ಸ್ವಾತಂತ್ರ್ಯ ದಿನ ಕಳೆದು ಎರಡು ತಿಂಗಳೂ ಆಗಿರಲಿಲ್ಲ, 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಅವರ ಜೊತೆ ಹೆಜ್ಜೆ ಹಾಕಿದವರಲ್ಲಿ ಕರ್ನಾಟಕದ ಈ ತರುಣನೂ ಇದ್ದ. ವಯಸ್ಸು 18. ಮುಂದೆ ಪತ್ನಿ ಸಿದ್ದಮ್ಮನವರೂ ಚಳವಳಿಯಲ್ಲಿ ಜೊತೆಯಾದರು. 1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಶುರುವಾದ ಮೇಲೆ ಮಹಾದೇವಪ್ಪ ಭೂಗತರಾಗಿ ಸಂಗಾತಿಗಳೊಡನೆ ಸರಕಾರದ ಆಡಳಿತಕ್ಕೇ ಕೈಹಾಕಿದರು. 1943ರ ಏಪ್ರಿಲ್ 1ರಂದು ವರದಾ ನದಿಯ ದಂಡೆಯ ಹೊಸರಿತ್ತಿಯಲ್ಲಿ, ಗುಡಿಯಲ್ಲಿ ಇರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಯಲ್ಲಿ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಕೂಡ ಮಡಿದರು. ಮಹಾದೇವಪ್ಪನವರಿಗೆ ಇನ್ನೂ 32 ತುಂಬಿರಲಿಲ್ಲ.

ಅದಕ್ಕೆ ಕೆಲವೇ ವಾರಗಳ ಹಿಂದೆ, ಅಂದರೆ ಅದೇ ವರ್ಷದ ಮಾರ್ಚ್‌ನಲ್ಲಿ, ಪಕ್ಕದ ಶಿಕಾರಿಪುರ ತಾಲೂಕಿನ ಈಸೂರಿನ ಐವರನ್ನು ಗಲ್ಲಿಗೇರಿಸಲಾಗಿತ್ತು. 1942ರಲ್ಲೇ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡ ಊರು ಅದು. ಈಸೂರಿನ ಲೆಕ್ಕದಲ್ಲಿ ಸ್ವಾತಂತ್ರ್ಯದ ದಿನ ಯಾವುದು ಎಂದು ಕೇಳಿದರೆ ಆಗಸ್ಟ್ 15 ಎಂಬ ಉತ್ತರ ಸಾಲದು.

ಇನ್ನು 1947ರ ಆಗಸ್ಟ್ 15ರಂದು ನಮ್ಮ ಸೀಮೆಯ ನಕ್ಷೆ ಹೇಗಿತ್ತು ನೋಡಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಇಲ್ಲಿ ಬ್ರಿಟಿಷ್ ಆಳ್ವಿಕೆ ಅಂದೇ ಮುಗಿಯಿತು. ಇಂದು ಇದೇ ಜಿಲ್ಲೆಯಲ್ಲಿರುವ ಸವಣೂರು ಮಾತ್ರ ನವಾಬರ ಸಂಸ್ಥಾನ. ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರ ಮಾರ್ಚ್‌ನಲ್ಲಿ. ರಾಣೆಬೆನ್ನೂರು ತಾಲೂಕಿನ ಅಂಚಿನಲ್ಲಿ ತುಂಗಭದ್ರೆ ದಾಟಿದರೆ ಹರಿಹರ, ಅದು ಮೈಸೂರು ಸಂಸ್ಥಾನ. ಅಲ್ಲಿ ಜವಾಬ್ದಾರಿ ಸರಕಾರ ಬರಲು ‘ಮೈಸೂರು ಚಲೋ’ ಚಳವಳಿ ನಡೆದು ಅಕ್ಟೋಬರ್ ಬರಬೇಕಾಯಿತು. ಹೈದರಾಬಾದ್ ಸಂಸ್ಥಾನದಲ್ಲಿದ್ದ ಕನ್ನಡ ಜಿಲ್ಲೆಗಳು 1948ರ ಸೆಪ್ಟೆಂಬರ್ 17ರವರೆಗೆ ಕಾದವು. ಒಂದು ಹೊಳೆಯ ಎರಡು ದಂಡೆಗಳಲ್ಲಿ, ಒಂದೇ ಜಿಲ್ಲೆಯ ಎರಡು ಪೇಟೆಗಳಲ್ಲಿ ಸ್ವಾತಂತ್ರ್ಯ ಬೇರೆ ಬೇರೆ ದಿನ ಕಾಲಿಟ್ಟಿತು.

ನಮ್ಮ ನಾಡಹಬ್ಬದ ಕತೆಯೂ ಇದೇ. 1956ರ ನವೆಂಬರ್ 1ರಂದು ಹಾವೇರಿ ಸೀಮೆ ಮುಂಬಯಿಯಿಂದ ಬಿಡಿಸಿಕೊಂಡು ಕನ್ನಡದ ರಾಜ್ಯ ಸೇರಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ನಾವು ರಾಜ್ಯೋತ್ಸವವೆಂದು ಸಿಹಿ ಹಂಚುವ ದಿನ ಕಾಸರಗೋಡಿನ ಕನ್ನಡಿಗರಿಗೆ ನಾಡಿನಿಂದ ಬೇರ್ಪಟ್ಟ ದಿನ. ಎಲ್ಲರಿಗೂ ಒಂದೇ ಅರ್ಥ ಕೊಡುವ ದಿನಾಂಕವನ್ನು ಹುಡುಕಹೊರಟರೆ ಪಂಚಾಂಗ ಮುಗಿದೀತು, ದಿನ ಸಿಗಲಾರದು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ನಿಲುವು ಇದು. ಆಗಸ್ಟ್ 15ನ್ನು ಬದಲಿಸಬೇಕಾಗಿಲ್ಲ. ದಿನವನ್ನು ಆರಿಸಿದ್ದು ಮೌಂಟ್‌ಬ್ಯಾಟನ್ ನಿಜ; ಆದರೆ ದಿನವೊಂದನ್ನು ಆರಿಸಲೇಬೇಕಾದ ಸ್ಥಿತಿಗೆ ಬ್ರಿಟಿಷರನ್ನು ತಂದದ್ದು ಯಾರು? ಯುದ್ಧದಿಂದ ಬ್ರಿಟನ್ ಬಸವಳಿದಿತ್ತು, ನೌಕಾಪಡೆಯ ನಾವಿಕರು 1946ರಲ್ಲಿ ಬಂಡೆದ್ದಿದ್ದರು, ಇವೆಲ್ಲ ಕಾರಣಗಳೇ. ಆದರೆ ಹಳ್ಳಿಯಲ್ಲಿ ಕಂದಾಯ ವಸೂಲಿ ಮಾಡಿ ಅದನ್ನು ಕಾಯಲು ಬಂದೂಕಿನ ಪೊಲೀಸರನ್ನು ಕೂರಿಸಬೇಕಾಗಿ ಬಂದ ಸರಕಾರ ಎಷ್ಟು ದಿನ ಬಾಳೀತು? ಹೊಸರಿತ್ತಿಯಂಥ ನೂರಾರು ಊರುಗಳು ಆ ಪ್ರಶ್ನೆ ಎತ್ತಿದ್ದವು. ವೈಸರಾಯ್ ಆರಿಸಿದ ದಿನ ಎಂಬ ಕಾರಣಕ್ಕೆ ಆಗಸ್ಟ್ 15ನ್ನು ಬಿಟ್ಟುಕೊಟ್ಟರೆ, ಸ್ವಾತಂತ್ರ್ಯ ಅವರು ಕೊಟ್ಟದ್ದು ಎಂಬ ಮಾತನ್ನು ನಾವೇ ಒಪ್ಪಿದಂತಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಜನವರಿ 26 ಹುಟ್ಟಿದ್ದು ಒಂದು ಭಾನುವಾರದ ಅನುಕೂಲದಿಂದ. ಅದಕ್ಕೆ ತೂಕ ಬಂದದ್ದು ಜನ ವರ್ಷ ವರ್ಷವೂ ಅಪಾಯ ಲೆಕ್ಕಿಸದೆ ಅದನ್ನು ಆಚರಿಸಿದ್ದರಿಂದ. ಆಗಸ್ಟ್ 15ಕ್ಕೂ ಈಗ ಮೂರು ತಲೆಮಾರಿನ ಬದುಕು ಅಂಟಿಕೊಂಡಿದೆ. ಶಾಲೆಯ ಅಂಗಳದ ಬಾವುಟ, ಪ್ರಭಾತಫೇರಿ, ಕೈಗಿಟ್ಟ ಪೆಪ್ಪರಮೆಂಟು ಯಾವುದೂ ಮೌಂಟ್‌ಬ್ಯಾಟನ್‌ಗೆ ಸೇರಿದ್ದಲ್ಲ.

ಹಾಗೆಂದು ಇದ್ದದ್ದು ಇದ್ದಂತೆ ಇರಲಿ ಎನ್ನುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಸೆಪ್ಟೆಂಬರ್ 17ಕ್ಕೆ ಸರಕಾರವೇ ಧ್ವಜಾರೋಹಣ ಮಾಡುತ್ತದೆ, ಅದರಿಂದ ಆಗಸ್ಟ್ 15ರ ಮರ್ಯಾದೆಯೇನೂ ತಗ್ಗಿಲ್ಲ. ಹಾವೇರಿ ಜಿಲ್ಲೆಗೆ ಅಂಥ ದಿನ ಏಪ್ರಿಲ್ 1. ಬಹಳ ಜನರ ಪಾಲಿಗೆ ಅದು ಮೂರ್ಖರ ದಿನ, ಕಚೇರಿಗಳಿಗೆ ಹೊಸ ಆರ್ಥಿಕ ವರ್ಷದ ಮೊದಲ ದಿನ. ಹಾವೇರಿಯ ರೈಲು ನಿಲ್ದಾಣಕ್ಕೆ ಮಹಾದೇವಪ್ಪನವರ ಹೆಸರಿದೆ. ಅಲ್ಲಿ ಇಳಿದು ಹತ್ತುವ ವಿದ್ಯಾರ್ಥಿಗೆ ಆ ಹೆಸರಿನ ಜೊತೆ ಮಡಿದ ಇನ್ನಿಬ್ಬರ ಹೆಸರು ಗೊತ್ತಿರಬೇಕಲ್ಲವೇ? ಏಪ್ರಿಲ್ 1ಕ್ಕೆ ಪರೀಕ್ಷೆ, ರಜೆಗಳ ಗಡಿಬಿಡಿ ಎಂದರೆ ಆಗಸ್ಟ್ 15ರಂದೇ ಬಾವುಟ ಏರಿದ ಮೇಲೆ ಆ ಮೂರು ಹೆಸರುಗಳನ್ನು ಗಟ್ಟಿಯಾಗಿ ಓದಲಿ. ಅದಕ್ಕೆ ಸರಕಾರದ ಆದೇಶ ಬೇಕಿಲ್ಲ, ಎರಡು ನಿಮಿಷವೂ ಹಿಡಿಯುವುದಿಲ್ಲ.